ರಿಫ್ರೆಶ್ ಹೊಡೀರಿ, ಸರ!

ಟಿಕೋಟಾ ತಾಲ್ಲೂಕಿನಲ್ಲಿ ಲ್ಯಾಪ್‌ಟಾಪ್ ನಿಧಾನವಾದರೆ ಮೊದಲ ಚಿಕಿತ್ಸೆ ರಿಫ್ರೆಶ್. ಪರದೆಯ ಮೇಲೆ ಖಾಲಿ ಜಾಗ ನೋಡಿ ಮೌಸಿನ ಬಲಗಡೆ ಗುಂಡಿ ಒತ್ತಬೇಕು. ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ರಿಫ್ರೆಶ್ ಅನ್ನುವುದನ್ನು ಒತ್ತಬೇಕು. ಐಕಾನುಗಳೆಲ್ಲ ಒಮ್ಮೆ ಕಣ್ಣು ಮಿಟುಕಿಸುತ್ತವೆ. ಇದನ್ನು ಬೆಸ ಸಂಖ್ಯೆಯಲ್ಲಿ ಮಾಡಿದರೆ ಫಲ ಹೆಚ್ಚು. ಐದು ಸಾಮಾನ್ಯ, ಹನ್ನೊಂದು ಶ್ರೇಷ್ಠ. ಘೋಣಸಗಿಯಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ, ಇಪ್ಪತ್ತೊಂದರ ತನಕ ಹೋಗುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತೆಂದು ಮತ್ತೆ ಒಂದರಿಂದ ಶುರು.

ರಿಫ್ರೆಶ್ ಒತ್ತಿದಾಗ ಏನಾಗುತ್ತದೆ? ಪರದೆಯ ಮೇಲಿನ ಐಕಾನುಗಳನ್ನು ವಿಂಡೋಸ್ ಇನ್ನೊಮ್ಮೆ ಬಿಡಿಸುತ್ತದೆ. ಅಷ್ಟೇ. ಹೊಸದಾಗಿ ಉಳಿಸಿದ ಫೈಲು ಕಾಣದಿದ್ದರೆ ಕಾಣಲಿ ಎಂದು ಇಟ್ಟ ಸೌಲಭ್ಯ ಅದು. ರ‍್ಯಾಮಿಗೂ ಅದಕ್ಕೂ ಸಂಬಂಧವಿಲ್ಲ, ಪ್ರೊಸೆಸರಿನ ವೇಗ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ. ಮೊದಲೇ ಉಸಿರು ಕಟ್ಟಿ ಕೂತ ಯಂತ್ರಕ್ಕೆ ಐಕಾನು ಬಿಡಿಸುವ ಕೆಲಸವನ್ನು ಇಪ್ಪತ್ತೊಂದು ಸಲ ಹೆಚ್ಚುವರಿಯಾಗಿ ಕೊಟ್ಟಂತಾಯಿತು. ಇದನ್ನು ಕಾಕಾಗೆ ವಿವರಿಸಿ ಹೇಳಿದರೆ, "ಇರ್ಲಿ ಬಿಡ್ರಿ, ಮಾಡಿದ್ರ ಕೈಗೆ ಒಂದೀಟ ಸಮಾಧಾನ" ಎನ್ನುತ್ತಾರೆ. ಅಲ್ಲಿಗೆ ವಾದ ಮುಗಿಯಿತು. ಸಮಾಧಾನಕ್ಕೆ ಮಾಡುವ ಕೆಲಸವನ್ನು ವಿಜ್ಞಾನ ಇಂದಿನವರೆಗೆ ಎಲ್ಲಿಯೂ ನಿಲ್ಲಿಸಿಲ್ಲ.

ರಿಫ್ರೆಶ್ ನಾಟದಿದ್ದರೆ ಎರಡನೇ ಹಂತ: ರೋಗಿಯ ವಯಸ್ಸು ವಿಚಾರಿಸುವುದು.

"ಎಷ್ಟ ವರ್ಷ ಆತ್ರಿ ತಗೊಂಡು?"

"ಆರು ಆಗಿರಬೇಕ್ರಿ."

"ಮತ್ತೇನ್ರಿ, ಮುದುಕ ಆಗೈತಿ. ಬ್ಯಾರೆ ತಗೋರಿ."

ಈ ಮಾತು ಆಡಿದವರ ಅಂಗಳದಲ್ಲೇ ಇಪ್ಪತ್ತು ವರ್ಷದ ಟ್ರ್ಯಾಕ್ಟರ್ ನಿಂತಿರುತ್ತದೆ. ಅದಕ್ಕೆ ಕಾಲಕಾಲಕ್ಕೆ ಎಣ್ಣೆ ಬದಲಾಗಿದೆ, ಫಿಲ್ಟರ್ ಬದಲಾಗಿದೆ, ಕ್ಲಚ್ ಪ್ಲೇಟು ಬದಲಾಗಿದೆ, ಸೀಟಿಗೆ ಹೊಸ ಗಾದಿ ಕೂಡ ಬಂದಿದೆ. ಅದು ಏರುದಾರಿಯಲ್ಲಿ ಏದುಸಿರು ಬಿಟ್ಟರೆ ಮುದುಕ ಅನ್ನುವುದಿಲ್ಲ, ಟ್ರಾಲಿಯಲ್ಲಿ ಎಷ್ಟು ಹೇರಿದ್ದಾರೆ ಎಂದು ಹಿಂತಿರುಗಿ ನೋಡುತ್ತಾರೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಹಿಂತಿರುಗಿ ನೋಡುವವರಿಲ್ಲ. ಯಾಕೆಂದರೆ ನೋಡಿದರೆ ಹೇರಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ವಯಸ್ಸಾಯಿತು ಅಂದುಬಿಟ್ಟರೆ ಕಂಪನಿಯೂ ಬಚಾವ್, ಅಂಗಡಿಯವನೂ ಬಚಾವ್, ಸರ್ಕಾರವೂ ಬಚಾವ್, ಮನೆಯ ಹುಡುಗನೂ ಬಚಾವ್.

ಈ ಹುಡುಗನ ಬಗ್ಗೆ ಎರಡು ಮಾತು. ಪ್ರತಿ ಓಣಿಯಲ್ಲೂ ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಮಾಡುವ ಒಬ್ಬ ಇರುತ್ತಾನೆ. ಜಾತ್ರೆಗೋ ದೀಪಾವಳಿಗೋ ಊರಿಗೆ ಬಂದರೆ ಆ ಓಣಿಯ ಲ್ಯಾಪ್‌ಟಾಪುಗಳೆಲ್ಲ ಅವನ ಮುಂದೆ ಸಾಲುಗಟ್ಟುತ್ತವೆ. ಅವನಿಗೆ ಕಂಪನಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಐಟಿ ವಿಭಾಗಕ್ಕೆ ಕೊಟ್ಟು ಚಹಾ ಕುಡಿಯುವುದು ಮಾತ್ರ ಗೊತ್ತು. ಆದರೆ ಊರಲ್ಲಿ ಮಾನ ಹೋಗಬಾರದಲ್ಲ. ಕಪ್ಪು ಪರದೆಯೊಂದನ್ನು ತೆರೆದು ಏನೋ ಟೈಪ್ ಮಾಡಿ, ಟೆಂಪ್ ಫೋಲ್ಡರು, ಪ್ರಿಫೆಚ್ ಫೋಲ್ಡರು ಅಂತ ಒಂದಷ್ಟು ಅಳಿಸಿ, ಕೊನೆಗೆ ಒಂದು 'ಬೂಸ್ಟರ್' ಹಾಕಿಕೊಟ್ಟು ಹೋಗುತ್ತಾನೆ. ಬೂಸ್ಟರ್ ಎಂದರೆ ನಿಮ್ಮ ಯಂತ್ರ ಹಗುರಾಗಲೆಂದು ಯಂತ್ರದ ಮೇಲೆ ಇಪ್ಪತ್ತನಾಲ್ಕು ಗಂಟೆ ಕೂತಿರುವ ಇನ್ನೊಂದು ತಂತ್ರಾಂಶ. ದಿನಕ್ಕೆರಡು ಸಲ ಎದ್ದು, 'ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ' ಎಂದು ಕೆಂಪು ಅಕ್ಷರದಲ್ಲಿ ಬೆದರಿಸುತ್ತದೆ. ದೋಷ ಹೇಳುವುದು ಉಚಿತ, ಪರಿಹಾರಕ್ಕೆ ದುಡ್ಡು. ನಮ್ಮ ಕಡೆ ಪಂಚಾಂಗ ನೋಡುವವರು ಕೂಡ ಇಷ್ಟು ನಾಚಿಕೆ ಬಿಟ್ಟಿಲ್ಲ.

ಮೂರನೇ ಹಂತ ವಿಜಯಪುರ. ಬಸ್ಸು ಹತ್ತಿ, ಹೊಟ್ಟೆಗೆ ಅವುಚಿಕೊಂಡು ಹೋಗಿ, ಯಾವುದೋ ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿನ ಮೇಲೆ ಇಡಬೇಕು. ಅಂಗಡಿಯವ ಮುಚ್ಚಳ ಎತ್ತುವ ಮೊದಲೇ ರೋಗ ಹೇಳುತ್ತಾನೆ: "ಫಾರ್ಮ್ಯಾಟ್ ಹೊಡೀಬೇಕ್ರಿ." ಫಾರ್ಮ್ಯಾಟ್ ಎಂದರೆ ಮನೆಯಲ್ಲಿ ಇಲಿ ಇದೆಯೆಂದು ಮನೆ ಕೆಡವಿ ಅದೇ ಗೋಡೆ, ಅದೇ ಬಿಲದ ಸಮೇತ ಮತ್ತೆ ಕಟ್ಟುವುದು. ಮೊದಲ ಹದಿನೈದು ದಿನ ಓಡುತ್ತದೆ. ಆಮೇಲೆ ಅದೇ ರಾಗ, ಅದೇ ಹಾಡು. ಈ ನಡುವೆ ತಂಗಿಯ ಸೀಮಂತದ ಫೋಟೊ, ಮೂರು ವರ್ಷದ ಒಣದ್ರಾಕ್ಷಿ ಲೆಕ್ಕ, ಮಗಳ ಪ್ರಾಜೆಕ್ಟು ಎಲ್ಲ ಹೋಗಿರುತ್ತವೆ. "ಬ್ಯಾಕಪ್ ಹೇಳಿದ್ದಿಲ್ಲಲ್ರಿ ನೀವು" ಎಂದು ಅಂಗಡಿಯವ ನಿಮ್ಮನ್ನೇ ಗದರಿಸುತ್ತಾನೆ. ಹಾಕಿಕೊಟ್ಟ ವಿಂಡೋಸ್ ಕದ್ದದ್ದು, ಅದರ ಕೀಲಿ ಮುರಿಯಲು ಹಾಕಿದ ಪುಟ್ಟ ತಂತ್ರಾಂಶದೊಳಗೆ ಯಾರು ಅಡಗಿದ್ದಾರೆ ಎಂಬುದು ಅದನ್ನು ಬರೆದವರಿಗಷ್ಟೇ ಗೊತ್ತು. ಅದಕ್ಕೆ ಕಾವಲಿರಲೆಂದು ಒಂದು ಆಂಟಿವೈರಸ್ಸನ್ನು ಅವನೇ ಮಾರುತ್ತಾನೆ.

ಕಳೆದ ಬೇಸಿಗೆಯಲ್ಲಿ ನೆರೆಮನೆಯವರ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ದ್ರಾಕ್ಷಿ ತೋಟದವರು, ಫೆಬ್ರುವರಿಯಿಂದ ಏಪ್ರಿಲ್ ತನಕ ಶೆಡ್ಡಿನಲ್ಲಿ ಹಣ್ಣು ಒಣಗಿಸಿ ಮಣೂಕ ಮಾಡಿ ಸಾಂಗ್ಲಿ, ತಾಸಗಾಂವ್ ಪೇಟೆಗೆ ಕಳಿಸುತ್ತಾರೆ. ಮಗ ಡಿಗ್ರಿ ಓದುವಾಗ ಕೊಂಡದ್ದು. ಮಗ ಈಗ ಮೊಬೈಲಿನಲ್ಲೇ ಬದುಕುತ್ತಾನೆ, ಲ್ಯಾಪ್‌ಟಾಪ್ ಅಪ್ಪನ ಪಾಲಿಗೆ ಬಿದ್ದಿದೆ. ಗುಂಡಿ ಒತ್ತಿದೆ. ಚಹಾ ಬಂತು. ಚಹಾ ಮುಗಿಯಿತು. ಪರದೆ ಮೇಲೆ ಚುಕ್ಕಿಗಳು ಗಾಣದೆತ್ತಾಗಿ ಸುತ್ತುತ್ತಲೇ ಇದ್ದವು. ಅವರ ಮನೆಯಾಕೆ ಒಳಗಿನಿಂದ, "ಚಾಲೂ ಆತೇನ್ರಿ? ಇಲ್ಲಂದ್ರ ಇನ್ನೊಂದ್ ಕಪ್ ಚಾ ಇಡ್ತೀನಿ" ಅಂದರು. ಆ ಮನೆಯಲ್ಲಿ ಕಾಲ ಅಳೆಯುವುದು ಹಾಗೆಯೇ.

ಕೊನೆಗೂ ತೆರೆದ ಮೇಲೆ ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ ನೂರಕ್ಕೆ ನೂರು. ಯಾರೂ ಏನೂ ಮಾಡುತ್ತಿಲ್ಲ, ಒಂದು ಫೈಲೂ ತೆರೆದಿಲ್ಲ. ಸ್ಟಾರ್ಟಪ್ ಪಟ್ಟಿ ಬಿಚ್ಚಿದೆ. ಯಂತ್ರ ಕಣ್ಣು ತೆರೆಯುವ ಮೊದಲೇ ಎದ್ದು ಕೂರುವ ಪರಾಕ್ರಮಿಗಳ ಪಟ್ಟಿ ಅದು. ಎರಡು ವರ್ಷದ ಹಿಂದೆಯೇ ಗುಜರಿಗೆ ಹಾಕಿದ ಪ್ರಿಂಟರಿನ ತಂತ್ರಾಂಶ, ಆ ಪ್ರಿಂಟರಿಗಾಗಿ ಇನ್ನೂ ಕಾಯುತ್ತಿದೆ. ಲಾಕ್‌ಡೌನ್ ಕಾಲದ ಆನ್‌ಲೈನ್ ಪಾಠಕ್ಕೆ ಹಾಕಿದ ಎರಡು ವಿಡಿಯೊ ಕರೆಯ ಆ್ಯಪು, ಮೇಷ್ಟ್ರು ಈಗ ಬಂದಾರು ಆಗ ಬಂದಾರು ಎಂದು ಎಚ್ಚರವಾಗಿವೆ. ಹೊಸದರಲ್ಲೇ ಜೊತೆಗೆ ಬಂದು ವಾಯಿದೆ ತೀರಿದ ಒಂದು ಆಂಟಿವೈರಸ್, ಅದರ ಮೇಲೆ ಅಂಗಡಿಯವ ಹಾಕಿದ ಇನ್ನೊಂದು. ಎರಡೂ ಒಂದನ್ನೊಂದು ಕಳ್ಳನೆಂದು ಶಂಕಿಸಿ ಒಬ್ಬರ ಜೇಬು ಒಬ್ಬರು ತಡಕುತ್ತಿದ್ದವು. ಮಗ ಎಂದೋ ಆಡಿದ ಆಟದ ಲಾಂಚರ್. ಸಿನಿಮಾ ಇಳಿಸಿಕೊಳ್ಳುವ ಟೊರೆಂಟ್. ಇದೆಲ್ಲದರ ಮೇಲೆ ಬೆಂಗಳೂರಿನ ಭಾವ ಹಾಕಿಕೊಟ್ಟ ಬೂಸ್ಟರ್.

"ಇವೆಲ್ಲ ಯಾರ್ ಹಾಕಿದ್ರಿ?" ಎಂದೆ.

"ಯಾರೂ ಹಾಕಿಲ್ರಿ. ತಾವ ಬಂದಾವು."

ಅದರಲ್ಲಿ ಪೂರ್ತಿ ಸುಳ್ಳಿಲ್ಲ. ಒಂದನ್ನು ಹಾಕುವಾಗ 'ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ' ಎಂದು ಒತ್ತುತ್ತ ಹೋದರೆ ಅದರ ಬೆನ್ನಿಗೆ ಮೂರು ಬರುತ್ತವೆ. ಹೊಲದ ಖರೀದಿ ಪತ್ರವಾದರೆ ನಾಲ್ಕು ಜನರಿಂದ ಓದಿಸಿ ಸಹಿ ಹಾಕುವ ನಾವು, ಇಲ್ಲಿ ಓದದೆ ಒಪ್ಪಿದ್ದಕ್ಕೆ ಲೆಕ್ಕವಿಲ್ಲ.

ಬೆನ್ನು ಬಿಚ್ಚಿ ನೋಡಿದೆ. ಈ ಸೀಮೆಯಲ್ಲಿ ಬೇಸಿಗೆ ಬಿಸಿಲು ನಲವತ್ತು ಡಿಗ್ರಿ ದಾಟುವುದು ಮಾಮೂಲು. ಅಂಥ ಬಿಸಿಲಲ್ಲಿ ಲ್ಯಾಪ್‌ಟಾಪನ್ನು ಮಂಚದ ಮೇಲೆ, ಕೌದಿಯ ಮೇಲೆ ಇಟ್ಟು ಬಳಸುತ್ತಾರೆ. ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದೇ ಕೆಳಗಡೆ, ಅದನ್ನು ಕೌದಿ ಒತ್ತಿ ಹಿಡಿಯುತ್ತದೆ. ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ ಕಪ್ಪು ಮಣ್ಣಿನ ಧೂಳು ಪದರುಗಟ್ಟಿತ್ತು. ಧೂಳಿನ ನಡುವೆ ಅಲ್ಲಲ್ಲಿ ಕೆಂಪು, ಹಳದಿ. ಮುಟ್ಟಿ ನೋಡಿದರೆ ಕುಂಕುಮ, ಅರಿಷಿಣ. ಮಹಾನವಮಿಗೆ ಟ್ರ್ಯಾಕ್ಟರಿನ ಜೊತೆ ಇದಕ್ಕೂ ಪೂಜೆ ಆಗಿದೆ. ದೇವರಿಗೆ ಏರಿಸಿದ್ದು ಕಿಂಡಿಯಿಂದ ಒಳಗಿಳಿದು ಫ್ಯಾನಿನ ಹಣೆಗೆ ಕೂತಿದೆ. ಕಾವು ಏರಿದಾಗ ಪ್ರೊಸೆಸರು ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗೆ ಇಳಿಸಿಕೊಳ್ಳಲಿ ಎಂದೇ ಅದನ್ನು ಮಾಡಿದ್ದಾರೆ. ಜೀವ ಉಳಿಸಿಕೊಳ್ಳಲು ಅದು ನಡಿಗೆ ನಿಧಾನ ಮಾಡಿದರೆ ನಾವು ಮುದುಕನೆಂದು ಹೆಸರಿಟ್ಟೆವು.

ಇನ್ನು ಮುಖ್ಯ ಆರೋಪಿಗೆ ಬರೋಣ. ಅದು ಹಾರ್ಡ್ ಡಿಸ್ಕ್. 2018ರಿಂದ 2020ರ ಸುಮಾರಿಗೆ ಅಗ್ಗದ ಲ್ಯಾಪ್‌ಟಾಪ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಎರಡು ಅಂಕಿ ಇಡುತ್ತಿದ್ದರು. ಒಂದರಲ್ಲಿ ಒಂದು ಟಿಬಿ ಹಾರ್ಡ್ ಡಿಸ್ಕು, ಅಂದರೆ ಸಾವಿರ ಜಿಬಿ. ಇನ್ನೊಂದರಲ್ಲಿ 256 ಜಿಬಿ ಎಸ್‌ಎಸ್‌ಡಿ, ಮೇಲೆ ಬೆಲೆಯೂ ಒಂದಿಷ್ಟು ಹೆಚ್ಚು. ನಮ್ಮವರು ಸಾವಿರವನ್ನೇ ಆರಿಸಿದರು. ಕಡಿಮೆ ದುಡ್ಡಿಗೆ ನಾಲ್ಕು ಪಟ್ಟು ಮಾಲು ಬಂದಾಗ ಬೇಡ ಅನ್ನುವಷ್ಟು ದಡ್ಡರು ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿಲ್ಲ. ಆ ಸಾವಿರದಲ್ಲಿ ಆರು ವರ್ಷದ ಮೇಲೂ ಎಂಟುನೂರು ಖಾಲಿ ಬಿದ್ದಿತ್ತು.

ಆ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5,400 ಸುತ್ತು, ಸೆಕೆಂಡಿಗೆ 90. ತಟ್ಟೆಯ ಮೇಲೆ ಒಂದು ಸಣ್ಣ ತೋಳು ಅತ್ತಿತ್ತ ಓಡಾಡಿ, ಬೇಕಾದ ಅಕ್ಷರ ತನ್ನ ಕೆಳಗೆ ಬರುವ ತನಕ ಕಾದು, ಓದಿ ತರಬೇಕು. ಹೀಗೆ ಚೂರುಚೂರಾಗಿ ಹರಡಿದ ಮಾಹಿತಿಯನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರು, ನೂರೈವತ್ತು ಕಡೆಯಿಂದ ತರಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡಾಡುವುದೂ ಇಲ್ಲ. ಅದೇ ಒಂದು ಸೆಕೆಂಡಿನಲ್ಲಿ ಹತ್ತಾರು ಸಾವಿರ ಕಡೆಯಿಂದ ಎತ್ತಿ ಕೊಡುತ್ತದೆ. ಪ್ರಿಂಟರು, ಪಾಠದ ಆ್ಯಪು, ಎರಡು ಆಂಟಿವೈರಸ್ಸು, ಬೂಸ್ಟರು ಎಲ್ಲ ಒಟ್ಟಿಗೆ ಕೈಚಾಚಿದಾಗ ಆ ಒಂಟಿ ತೋಳಿನ ಪಾಡು ಏನಾಗಬೇಕು? ಕಿವಿಯಿಟ್ಟು ಕೇಳಿದರೆ ಕರಕರ ಸದ್ದು. ಆ ಸದ್ದು ಕೇಳಿ ಮನೆಯವರು, "ಒಳಗ ಏನೋ ಹುಳ ಹೊಕ್ಕೈತಿ" ಅಂದಿದ್ದರು.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು, ನಾಲ್ಕು ಜಿಬಿ ರ‍್ಯಾಮನ್ನು ಎಂಟು ಮಾಡುವುದು, ಫ್ಯಾನು ಒರೆಸುವುದು, ಪಟ್ಟಿಯಲ್ಲಿ ಬೇಡದವರನ್ನು ಹೊರಹಾಕುವುದು. ಮದ್ದು ಇಷ್ಟೇ. ಅರ್ಧ ದಿನದ ಕೆಲಸ. ಹಾಗಾದರೆ ಅಂಗಡಿಯವರು ಇದನ್ನು ಮೊದಲು ಯಾಕೆ ಹೇಳುವುದಿಲ್ಲ? ಹೇಳುವ ಒಳ್ಳೆಯವರೂ ಇದ್ದಾರೆ. ಆದರೆ ಫಾರ್ಮ್ಯಾಟಿಗೆ ಗಿರಾಕಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ಎಸ್‌ಎಸ್‌ಡಿ ಹಾಕಿಸಿಕೊಂಡವನು ಮತ್ತೆ ಆ ಓಣಿಯಲ್ಲಿ ಮುಖ ತೋರಿಸುವುದಿಲ್ಲ. ವ್ಯಾಪಾರವೆಂದ ಮೇಲೆ ಋಣಾನುಬಂಧ ಬೇಕಲ್ಲ.

ಅಂಗಡಿಯವನನ್ನೇ ಯಾಕೆ ಬಯ್ಯಬೇಕು, ದೊಡ್ಡವರ ಕಥೆ ಇನ್ನೂ ಚೆಂದ. ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಒಂದು ಲೇಖನ ಬರೆದು ಗೋಳಾಡಿದ್ದರು: ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ತಂತ್ರಾಂಶಗಳು ನಿಧಾನವಾಗುತ್ತಿವೆ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂಬಿ ರ‍್ಯಾಮಿನಲ್ಲಿ ಏಳುತ್ತಿತ್ತು. 2021ರ ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ. ಅರವತ್ತನಾಲ್ಕರ ಅರವತ್ತನಾಲ್ಕು ಪಟ್ಟು. ಅಂದು ಅದರಲ್ಲಿ ಪತ್ರ ಟೈಪ್ ಮಾಡುತ್ತಿದ್ದರು, ಇಂದೂ ಪತ್ರವೇ ಟೈಪ್ ಮಾಡುತ್ತಾರೆ. ಪತ್ರದ ಒಕ್ಕಣೆ ಅರವತ್ತನಾಲ್ಕು ಪಟ್ಟು ಸುಧಾರಿಸಿದ್ದನ್ನು ಘೋಣಸಗಿಯಲ್ಲಿ ಯಾರೂ ಕಂಡಿಲ್ಲ. 2025ರ ಕೊನೆಯಲ್ಲಿ ವಾಟ್ಸ್‌ಆ್ಯಪ್ ಕೂಡ ವಿಂಡೋಸಿನ ತನ್ನ ಹಗುರ ಆವೃತ್ತಿಯನ್ನು ಬಿಟ್ಟು, ಬ್ರೌಸರಿನ ಹೊಟ್ಟೆಯೊಳಗೆ ಕೂತು ಹೆಚ್ಚು ರ‍್ಯಾಮ್ ತಿನ್ನುವ ಅವತಾರ ತಾಳಿತು. 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ಮಾತ್ರ ಹಳೆಯದೇ.

ಇಷ್ಟಾದರೂ ಸಾಯದೆ ಉಳಿದ ಲ್ಯಾಪ್‌ಟಾಪುಗಳಿಗೆ ತಾರೀಕು ಗೊತ್ತುಮಾಡಿ ತಿಥಿ ಮಾಡುವ ಪದ್ಧತಿಯೂ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಆ ಶಾಸ್ತ್ರ ಮುಗಿಸಿತು. ವಿಂಡೋಸ್ 11ಕ್ಕೆ ಹೋಗಿ ಎನ್ನುತ್ತಾರೆ. ಹೋಗಲು ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. 2019ರಲ್ಲೂ ಅಂಗಡಿಗಳಲ್ಲಿ ಏಳನೇ ತಲೆಮಾರಿನ ಅಗ್ಗದ ಲ್ಯಾಪ್‌ಟಾಪುಗಳನ್ನು ಹೊಸದೆಂದೇ ಮಾರಿದ್ದರು. ನಮ್ಮ ಜನ ಕುಲಗೋತ್ರ ಬಿಟ್ಟು ಏಳನೆಯ ತಲೆಮಾರು ಎಂಟನೆಯ ತಲೆಮಾರು ವಿಚಾರಿಸುವುದು ಮದುವೆಯಲ್ಲಿಯೂ ಇಲ್ಲ, ಲ್ಯಾಪ್‌ಟಾಪಿನಲ್ಲಿ ಎಲ್ಲಿಂದ ವಿಚಾರಿಸಬೇಕು? ಇಂಥ ನಿಯಮದಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಗೆ ಬೀಳಬಹುದೆಂದು ಕ್ಯಾನಾಲಿಸ್ ಎಂಬ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಆಮೇಲೆ ಮೈಕ್ರೋಸಾಫ್ಟ್‌ನವರು ಕರುಣೆ ತಂದುಕೊಂಡು, ದುಡ್ಡು ಕೊಟ್ಟರೆ ಅಥವಾ ನಿಮ್ಮ ಸೆಟ್ಟಿಂಗುಗಳನ್ನು ತಮ್ಮ ಕ್ಲೌಡಿನಲ್ಲಿ ತಂದಿಟ್ಟರೆ 2026ರ ಅಕ್ಟೋಬರ್ 13ರ ವರೆಗೆ ಜೀವದಾನ ಎಂದರು. ಯಮಧರ್ಮ ಸಾವಿತ್ರಿಗೆ ಕೊಟ್ಟ ವರದಲ್ಲಿ ಇಂಥ ಷರತ್ತು ಇರಲಿಲ್ಲ.

ಆಪಲ್‌ನವರದು ಇನ್ನೂ ಸೂಕ್ಷ್ಮ ಕೈ. ಬ್ಯಾಟರಿ ಸವೆದ ಹಳೇ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಾವೇ ತಗ್ಗಿಸಿದ್ದೇವೆಂದು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಗಿರಾಕಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ ಎರಡೂವರೆ ಕೋಟಿ ಯೂರೊ ದಂಡ ಹಾಕಿತು. ಅಲ್ಲಿಯ ತನಕ ಐಫೋನ್ ಇಟ್ಟುಕೊಂಡವರೂ ತಮ್ಮದಕ್ಕೆ ವಯಸ್ಸಾಯಿತೆಂದೇ ನಂಬಿದ್ದರು. ಕಾಕಾನ ರಿಫ್ರೆಶ್‌ಗೆ ನಗುವ ಮೊದಲು ಇದನ್ನೂ ಒಂದು ಸಲ ನೆನೆಯಬೇಕು.

ಸರ್ಕಾರ ಏನು ಮಾಡುತ್ತಿದೆ ಎಂದರೆ ಹಂಚುತ್ತಿದೆ. 2020ರ ಸುಮಾರಿಗೆ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಲಕ್ಷಕ್ಕೂ ಮಿಕ್ಕಿದ ಮೊದಲ ವರ್ಷದ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಬಂತು. 2021ಕ್ಕೆ ಲ್ಯಾಪ್‌ಟಾಪ್ ಹೋಗಿ ಟ್ಯಾಬ್ ಬಂತು. ಶಾಲು, ಹಾರ, ವೇದಿಕೆ, ಪೆಟ್ಟಿಗೆ ಹಿಡಿದ ಹುಡುಗಿ, ಅವಳಿಗಿಂತ ಮುಂದೆ ಕತ್ತು ಚಾಚಿದ ಗಣ್ಯರು. ಒಳ್ಳೆಯ ಕೆಲಸವೇ, ಕೂಲಿ ಮಾಡುವವರ ಮಗಳ ಕೈಗೆ ಕಂಪ್ಯೂಟರ್ ಬಂದದ್ದು ಸಣ್ಣ ಮಾತಲ್ಲ. ಆದರೆ ಅದೇ ಹುಡುಗಿ ನಾಲ್ಕು ವರ್ಷದ ಮೇಲೆ ಅದನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಇಲಾಖೆಗಳಲ್ಲಿ ವಿತರಣೆಗೆ ಸಮಾರಂಭವಿದೆ, ರಿಪೇರಿಗೆ ಇಲ್ಲ. ಎಸ್‌ಎಸ್‌ಡಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಅದನ್ನು ಕೈಯಲ್ಲಿ ಹಿಡಿದು ಫೋಟೊಕ್ಕೆ ನಿಂತರೆ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಯಾವ ಶಾಸಕರು ತಾನೆ ಅಂಥ ಸಮಾರಂಭಕ್ಕೆ ಒಪ್ಪಿಯಾರು?

ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಗೆ ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತದ್ದು ನೆನಪಿದೆಯೇ? ಹತ್ತಾರು ಆ್ಯಪುಗಳಲ್ಲಿ ಕೆಲಸ ಮಾಡಿ ಅನ್ನುತ್ತೀರಿ, ಮಾಡಲು ಮೊಬೈಲು, ಲ್ಯಾಪ್‌ಟಾಪು, ಪ್ರಿಂಟರು ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿತ್ತು. ಮೊದಲು ಆ್ಯಪ್ ಕೊಟ್ಟು ಆಮೇಲೆ ಯಂತ್ರದ ಬಗ್ಗೆ ಯೋಚಿಸುವ ಈ ಕ್ರಮ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೂ ಹೊಳೆದಿರಲಿಲ್ಲ. ಆ್ಯಪು ಹೆಚ್ಚಾದಂತೆ ಹೊಸ ಲ್ಯಾಪ್‌ಟಾಪೂ ಏದುಸಿರು ಬಿಡುತ್ತದೆ, ಆಗ ಇನ್ನೊಂದು ಮುಷ್ಕರ, ಇನ್ನೊಂದು ಟೆಂಡರು. ಆ್ಯಪುಗಳನ್ನು ಕಡಿಮೆ ಮಾಡಿ ಎಂದು ಟೆಂಡರು ಕರೆದದ್ದನ್ನು ನಾನಂತೂ ಕೇಳಿಲ್ಲ.

ಇದಕ್ಕೊಂದು ಬೇರೆ ದಾರಿಯೂ ಇದೆ. ನೋಡಬೇಕಾದರೆ ಕಾಸರಗೋಡಿನ ತನಕ ಹೋಗಬೇಕು. ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ಬಹಳ ಹಿಂದೆಯೇ ವಿಂಡೋಸಿಗೆ ಕೈಮುಗಿದು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಿಡಿಯಿತು. ಐಟಿ ಅಟ್ ಸ್ಕೂಲ್ ಎಂದು 2001ರಲ್ಲಿ ಶುರುವಾಗಿ ಈಗ ಕೈಟ್ ಎಂದು ಕರೆಸಿಕೊಳ್ಳುವ ಸಂಸ್ಥೆ ಉಬುಂಟು ಎಂಬ ಲಿನಕ್ಸನ್ನು ಶಾಲೆಗೆ ಬೇಕಾದಂತೆ ತಿದ್ದಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಲೈಸೆನ್ಸಿಗೆ ಕಾಸಿಲ್ಲ, ಬೂಸ್ಟರ್ ಇಲ್ಲ, ವಾಯಿದೆ ತೀರಿದ ಆಂಟಿವೈರಸ್ ಇಲ್ಲ. ಗಡಿಯಾಚೆಯ ಕನ್ನಡದ ಹುಡುಗ ಇದನ್ನೆಲ್ಲ ಹೈಸ್ಕೂಲಿನಲ್ಲೇ ಕಲಿಯುತ್ತಾನೆ. ಐಟಿ ರಾಜಧಾನಿಯಿರುವ ರಾಜ್ಯದಲ್ಲಿ ನಾವು ರಿಫ್ರೆಶ್ ಎಣಿಸುತ್ತಿದ್ದೇವೆ.

ನೆರೆಮನೆಯವರಿಗೂ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆಂದೆ. "ನುಡಿ ಬರ್ತೈತೇನ್ರಿ ಅದ್ರಾಗ?" ಎಂದು ಒಂದೇ ಮಾತು ಕೇಳಿದರು. ನುಡಿ ಎಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಬರುತ್ತದೆ, ನುಡಿಯ ಕೀಲಿಮಣೆಯ ಕ್ರಮವೂ ಸಿಗುತ್ತದೆ. ಆದರೆ ಅವರ ಸಹಕಾರಿ ಸಂಘದ ಹಳೇ ಪತ್ರಗಳೆಲ್ಲ ನುಡಿಯ ಹಳೇ ಫಾಂಟಿನಲ್ಲಿ ಕೂತಿವೆ, ಫಾಂಟು ಇಲ್ಲದ ಕಡೆ ತೆರೆದರೆ 'ಮಾನ್ಯರೇ' ಅನ್ನುವುದು ಯಾವುದೋ ಯುರೋಪಿನ ಬಯ್ಗುಳದಂತೆ ಕಾಣುತ್ತದೆ. ಸಂಘದ ಕಾರ್ಯದರ್ಶಿ ಅಂಥದ್ದನ್ನೇ ಕಳಿಸುತ್ತಾರೆ, ಅಂಥದ್ದನ್ನೇ ಕೇಳುತ್ತಾರೆ. ಕನ್ನಡಿಗನನ್ನು ವಿಂಡೋಸಿಗೆ ಕಟ್ಟಿಹಾಕಿದ ಹಗ್ಗವನ್ನು ಅಮೆರಿಕದಲ್ಲಿ ಹೊಸೆದಿಲ್ಲ.

ಸರಿ, ವಿಂಡೋಸೇ ಇರಲಿ ಎಂದು ಎಸ್‌ಎಸ್‌ಡಿಗೆ ಬಂದೆವು. ಕೆಲವು ವರ್ಷಗಳಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿಗೆ 240, 256 ಜಿಬಿಯದು ಸಿಗುತ್ತಿತ್ತು. ಅಷ್ಟರಲ್ಲಿ ಜಗತ್ತಿಗೆ ಕೃತಕ ಬುದ್ಧಿಮತ್ತೆಯ ಹಸಿವು ಹುಟ್ಟಿತು. ಅದರ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡದ್ದರಿಂದ 2025ರ ಕೊನೆಯಿಂದ ರ‍್ಯಾಮಿನ ದರ ಚಿನ್ನದ ಹಾದಿ ಹಿಡಿಯಿತು, ಎಸ್‌ಎಸ್‌ಡಿಯೂ ಹಿಂದೆ ಬೀಳಲಿಲ್ಲ. ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮು, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಕಂಪನಿ, ಆ ವ್ಯಾಪಾರವನ್ನೇ ಬಿಡುತ್ತೇವೆಂದು ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ಎಲ್ಲಿಯೋ ಯಾರೋ ಯಂತ್ರದ ಕೈಲಿ ಬೆಕ್ಕಿಗೆ ರುಮಾಲು ಸುತ್ತಿದ ಚಿತ್ರ ಬರೆಸುತ್ತಾರೆ, ಆ ಬೆಕ್ಕಿನ ಖರ್ಚು ವಿಜಯಪುರದ ಅಂಗಡಿಯಲ್ಲಿ ಮಣೂಕ ಮಾರುವವರ ಬಿಲ್ಲಿಗೆ ಬೀಳುತ್ತದೆ. ಹೇಗೋ ಚೌಕಾಸಿ ಮಾಡಿ ತಂದೆವು. ರ‍್ಯಾಮಿನ ಆಸೆ ಮುಂದಿನ ಫಸಲಿಗೆ ಹೋಯಿತು.

ಸ್ಕ್ರೂ ಬಿಚ್ಚಿ, ಹಳೇ ಡಿಸ್ಕು ತೆಗೆದು, ಹೊಸದು ಕೂಡಿಸಿ, ಅಸಲಿ ವಿಂಡೋಸ್ ಹಾಕಿ, ಫ್ಯಾನಿನ ಕುಂಕುಮ ಒರೆಸಿ, ಪಟ್ಟಿಯಲ್ಲಿದ್ದವರನ್ನೆಲ್ಲ ಮನೆಗೆ ಕಳಿಸಿ ಗುಂಡಿ ಒತ್ತಿದೆ. ಹದಿನೈದು ಸೆಕೆಂಡಿನ ಹೊತ್ತಿಗೆ ಪರದೆ ಸಿದ್ಧ. ಮನೆಯವರು ಹೆದರಿದರು.

"ಇಷ್ಟ್ ಲಗೂ ಚಾಲೂ ಆತಂದ್ರ ಏನೋ ಗಡಬಡ ಐತ್ರಿ. ಎಲ್ಲಾ ಓದಿ ಚಾಲೂ ಆತೋ, ಅರ್ಧಾ ಬಿಟ್ಟೈತೋ?"

ಅವರ ಮನೆಯಾಕೆಗೆ ಬೇರೆಯೇ ಅಸಮಾಧಾನ. ಇಟ್ಟ ಚಹಾ ಇನ್ನೂ ಕುದಿ ಬಂದಿರಲಿಲ್ಲ.

ಧೈರ್ಯ ತುಂಬಲು ಒಂದು ಕೆಲಸ ಮಾಡಿ ತೋರಿಸೋಣವೆಂದು ಅವರ ಹೊಲದ ಉತಾರ, ಅಂದರೆ ಪಹಣಿ, ತೆಗೆಯಲು ಕೂತೆ. ಈ ಶತಮಾನದ ಮೊದಲ ವರ್ಷಗಳಲ್ಲೇ ಭೂಮಿ ಯೋಜನೆಯಡಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯ ನಮ್ಮದು. ಸರ್ವೆ ನಂಬರು ಕೊಟ್ಟೆ, ಹಿಸ್ಸಾ ಕೊಟ್ಟೆ. ಚುಕ್ಕಿ ಸುತ್ತತೊಡಗಿತು. ಸುತ್ತಿ ಸುತ್ತಿ ಪುಟ ಬೆಳ್ಳಗಾಯಿತು. ಮತ್ತೆ ಕೊಟ್ಟೆ, ಮತ್ತೆ ಸುತ್ತಿತು. 2023ರ ಜೂನಿನಲ್ಲಿ ಗೃಹಜ್ಯೋತಿ ನೋಂದಣಿ ಹೀಗೇ ನಿಂತಾಗ, ಕೇಂದ್ರದವರೇ ಸರ್ವರ್ ಹ್ಯಾಕ್ ಮಾಡಿದ್ದಾರೆಂದು ರಾಜ್ಯದ ಸಚಿವರೊಬ್ಬರು ಹೇಳಿದ್ದು ಸುದ್ದಿಯಾಗಿತ್ತು. ಸರ್ವರಿಗೆ ವಯಸ್ಸಾಗಿದೆ, ಬೇರೆ ತಗೋರಿ ಎಂದು ಮಾತ್ರ ಅಂದು ಯಾರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಟಿಕೋಟಾದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯ ಹುಡುಗನಿಗೆ ಫೋನು ಮಾಡಿದೆವು.

"ತಮ್ಮಾ, ಉತಾರ ಬರವಲ್ದಲ್ಲೋ. ನಿನ್ನ ಕಡೆ ಬರ್ತೈತೇನು?"

"ಇಲ್ರಿ ಕಾಕಾ, ಇಲ್ಲೂ ಮುಂಜಾನಿಂದ ಬಂದಿಲ್ಲ. ಸರ್ವರ್ ಡೌನ್ ಐತ್ರಿ."

"ಮತ್ತ ಈಗ ಏನ್ ಮಾಡೂದಪ್ಪಾ?"

"ನಿಮ್ಮ ಲ್ಯಾಪ್‌ಟಾಪ್ ಯಾವ್ ವರ್ಷದ್ದ್ರಿ?"